ಸಪಾಟು ಡ್ರೈವರನ ಇಂಜಿನ್ನು

ಶರ್ಟು ಹೊಲಿಯುವ ಆ ಕಾರ್ಖಾನೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುತ್ತಿದ್ದವನು ಸಂಬಳದ ಗುಮಾಸ್ತ ಒಬ್ಬನೇ. ಉಳಿದವರಿಗೆಲ್ಲ ಅವಳು ಮಿಷಿನಕ್ಕ. ದಾರ ಪದೇ ಪದೇ ಕಡಿದುಹೋದರೆ, ಮೋಟಾರು ಗೊಂಯ್ ಎಂದು ನರಳಿ ನಿಂತರೆ, ಸಾಲಿನ ಯಾವುದೋ ಮೂಲೆಯಲ್ಲಿ ಒಂದು ಕೈ ಮೇಲೇಳುತ್ತಿತ್ತು. ಮಿಷಿನಕ್ಕ ಸೊಂಟದ ಚೀಲಕ್ಕೆ ಕೈ ಹಾಕುತ್ತಲೇ ಅತ್ತ ನಡೆಯುತ್ತಿದ್ದಳು. ಹೊಲಿಗೆ ಯಂತ್ರ ರಿಪೇರಿಗೆ ಹೆಂಗಸು ಯಾಕೆ ಎಂದು ಮೊದಮೊದಲು ಮೂಗು ಮುರಿದ ಸೂಪರ್‌ವೈಸರುಗಳೆಲ್ಲ ಒಬ್ಬೊಬ್ಬರಾಗಿ ಬೇರೆ ಕಡೆ ಹೋದರು. ಅವಳು ಉಳಿದಳು. ಮದುವೆಯ ಮಾತು ಬಂದಾಗಲೆಲ್ಲ, ಇಷ್ಟು ಯಂತ್ರಗಳ ರಗಳೆ ಸಾಲದೆಂದು ಇನ್ನೊಂದನ್ನು ಮನೆಗೂ ತರಲೇ ಎಂದು ಕೇಳಿ ಮಾತು ಮುಗಿಸುತ್ತಿದ್ದಳು. ಐವತ್ತು ದಾಟಿದ ಮೇಲೆ ಕೇಳುವವರೂ ಸುಮ್ಮನಾದರು.

ಮನೆಯಲ್ಲಿದ್ದವರು ಅವಳು ಮತ್ತು ಅಮ್ಮ. ತಂಗಿ ಗಂಡನೊಂದಿಗೆ ಊರಿನ ಇನ್ನೊಂದು ತುದಿಯಲ್ಲಿದ್ದಳು. ರೈಲು ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಅವಳಿಗೆ ಕೆಲಸ. ಕೌಂಟರಿನ ಗಾಜಿನ ಆಚೆ ಜನ ಅವಳಿಗೆ ಹೆದರಿ ಚಿಲ್ಲರೆ ಹಿಡಿದೇ ನಿಲ್ಲುತ್ತಿದ್ದರು. ಮನೆಯಲ್ಲಿ ಮಾತ್ರ ಅವಳಿನ್ನೂ ಪುಟ್ಟಿಯೇ.

ಮನೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ಅಪ್ಪನ ಕಾರಿತ್ತು. ಬೆನ್ನು ದುಂಡಗಿದ್ದ, ಮುಂದಿನ ದೀಪಗಳು ಕಣ್ಣರಳಿಸಿ ನೋಡುವಂತಿದ್ದ ಹಳೆಯ ಕಾಲದ ಗಾಡಿ. ಅಪ್ಪ ಅದನ್ನು ಬಾಡಿಗೆಗೆ ಓಡಿಸಿ ಸಂಸಾರ ಸಾಗಿಸಿದ್ದ. ಅವನು ಹೋದ ಮೇಲೆ ಅದು ಅಲ್ಲೇ ಕುಳಿತು, ಟೈರುಗಳು ನೆಲಕ್ಕೆ ಇಳಿದು, ಹಿಂದಿನ ಸೀಟಿನಲ್ಲಿ ಬೆಕ್ಕು ತಲೆಮಾರುಗಳನ್ನು ಬೆಳೆಸಿತ್ತು. ಗುಜರಿಗೆ ಹಾಕಿ ಜಾಗ ಖಾಲಿ ಮಾಡಿ ಎಂದು ಪುಟ್ಟಿ ಬಂದಾಗಲೆಲ್ಲ ಹೇಳುತ್ತಿದ್ದಳು. ಆ ಕಾರನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ, ಮತ್ತು ಅದಕ್ಕೆ ಕಾರಣವಿತ್ತು.

ಅಪ್ಪ ಗುಡ್ಡದ ರಸ್ತೆಗೆ ಕಾರು ಹತ್ತಿಸುತ್ತಿರಲಿಲ್ಲ. ಊರಿಗೆ ತಾಗಿಯೇ ಬೆಟ್ಟದ ಸಾಲು. ಮೇಲಿನ ಊರಿಗೆ ಹೋಗುವ ಬಾಡಿಗೆಯೇ ಡ್ರೈವರುಗಳಿಗೆಲ್ಲ ಒಳ್ಳೆಯ ಬಾಡಿಗೆ. ಅಪ್ಪ ಮಾತ್ರ ಬೆಟ್ಟ ಎಂದ ಕೂಡಲೇ ತಲೆಯಾಡಿಸಿ ಹಿಂದಿನ ಗಾಡಿಯವನನ್ನು ತೋರಿಸುತ್ತಿದ್ದ. ಸ್ಟ್ಯಾಂಡಿನವರು ಅವನಿಗೆ ಸಪಾಟು ಎಂದು ಹೆಸರಿಟ್ಟರು. ಸಮತಟ್ಟು ದಾರಿ ಬಿಟ್ಟರೆ ಇವನ ಕೈಕಾಲು ನಡುಗುತ್ತದೆ ಎಂದು ಆಡಿಕೊಂಡರು. ಅಪ್ಪ ನಕ್ಕು ಬೀಡಿ ಹಚ್ಚುತ್ತಿದ್ದ. ಆದರೆ ಶಾಲೆಯಲ್ಲಿ ಪುಟ್ಟಿಗೆ ಅದು ನಗುವ ವಿಷಯವಾಗಿರಲಿಲ್ಲ. ಒಂದು ವರ್ಷ ಅವಳು ಓಟದ ಪಂದ್ಯಕ್ಕೆ ಆಯ್ಕೆಯಾದಳು. ಪಂದ್ಯ ನಡೆಯುವುದು ಬೆಟ್ಟದ ಮೇಲಿನ ಊರಲ್ಲಿ. ಮನೆಯಲ್ಲೇ ಕಾರಿದೆ, ಅಪ್ಪ ಕರೆದುಕೊಂಡು ಹೋಗುತ್ತಾನೆ ಎಂದು ಗೆಳತಿಯರಿಗೆಲ್ಲ ಹೇಳಿಕೊಂಡಿದ್ದಳು. ಅಪ್ಪ ಅವಳನ್ನು ಬಸ್ಸು ಹತ್ತಿಸಿದ. ತಿರುವು ತಿರುವಿಗೂ ವಾಂತಿ ಮಾಡಿಕೊಂಡು ಮೇಲೆ ತಲುಪಿದ ಹುಡುಗಿ ಪಂದ್ಯದಲ್ಲಿ ಅರ್ಧ ಸುತ್ತು ಓಡಿ ಕುಸಿದು ಕುಳಿತಳು. ಅಂದಿನಿಂದ ಅವಳು ಅಪ್ಪನೊಂದಿಗೆ ಬೇಕಾದಷ್ಟೇ ಮಾತಾಡಿದಳು. ಅವನು ಆಸ್ಪತ್ರೆಯಲ್ಲಿ ಮಲಗಿದ್ದಾಗಲೂ ಬಂದು, ಔಷಧಿ ತಂದುಕೊಟ್ಟು, ಊಟ ಆಯಿತೇ ಎಂದು ಕೇಳಿ ಹೋಗುತ್ತಿದ್ದಳು.

ಮಿಷಿನಕ್ಕನಿಗೆ ಕಾರಿನ ಮೇಲೆ ಮೋಹವೇನೂ ಇರಲಿಲ್ಲ. ನಿಂತ ಯಂತ್ರ ಕಂಡರೆ ಅವಳ ಕೈ ತುರಿಸುತ್ತಿತ್ತು, ಅಷ್ಟೇ. ಕಾರ್ಖಾನೆ ವಾರಕ್ಕೆ ಎರಡು ರಜೆ ಕೊಡತೊಡಗಿದಾಗ ಒಂದು ರಜೆ ಶೆಡ್ಡಿಗೆ ಹೋಯಿತು. ಬೆಕ್ಕಿಗೆ ಬೇರೆ ಪೆಟ್ಟಿಗೆ ಹಾಸಿಕೊಟ್ಟಳು. ಬ್ರೇಕು ಬಿಚ್ಚಿದಳು, ವೈರುಗಳನ್ನೆಲ್ಲ ಕಿತ್ತು ಹೊಸದು ಎಳೆದಳು, ಬಾಗಿಲಿನ ತುಕ್ಕು ಕೆರೆದಳು. ಕೊನೆಗೆ ತೊಲೆಗೆ ಸರಪಳಿ ಬಿಗಿದು ಇಂಜಿನ್ನು ಎತ್ತಿ ಇಳಿಸಿ, ಬಿಚ್ಚಿ, ಅದರ ಒಡಲಾದ ಖಾಲಿ ಬ್ಲಾಕನ್ನು ಸಾಮಾನು ಸಾಗಿಸುವ ಆಟೋದಲ್ಲಿ ಲೇತ್ ಅಂಗಡಿಗೆ ಕಳಿಸಿದಳು.

ಆ ಅಂಗಡಿಯ ಯಜಮಾನನನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. ಶಾಲೆಯಲ್ಲಿ ಪಾಠ ಹೇಳಿದವರಲ್ಲ. ಊರಿನ ಅರ್ಧ ಲೇತ್ ಕೆಲಸಗಾರರು ಅವರ ಹತ್ತಿರ ಬೈಸಿಕೊಂಡು ಕೆಲಸ ಕಲಿತವರಾದ್ದರಿಂದ ಆ ಹೆಸರು. ಈಗ ವಯಸ್ಸಾಗಿ ಕೈ ನಡುಗುತ್ತಿತ್ತು, ಬೈಗುಳ ಮಾತ್ರ ಗಟ್ಟಿಯಾಗಿತ್ತು. ಅವರು ಬ್ಲಾಕನ್ನು ಕಾಸ್ಟಿಕ್ ನೀರಿನ ತೊಟ್ಟಿಯಲ್ಲಿ ನೆನೆಹಾಕಿ, ಹಳೆಯ ಬಣ್ಣ, ಜಿಡ್ಡು ಎಲ್ಲ ಬಿಡಿಸಿ, ಮಿಷಿನಕ್ಕನಿಗೆ ಹೇಳಿ ಕಳಿಸಿದರು. ಅವಳು ಹೋದಾಗ ಬ್ಲಾಕು ಬೆಂಚಿನ ಮೇಲೆ ಬೂದು ಬಣ್ಣಕ್ಕೆ ತಿರುಗಿ ಬೆತ್ತಲೆ ಕುಳಿತಿತ್ತು. ಮೇಷ್ಟ್ರು ಅದರ ಒಂದು ಪಕ್ಕಕ್ಕೆ ಸೀಮೆಎಣ್ಣೆ ಸವರಿದರು, ಬಟ್ಟೆಯಿಂದ ಒಣಗುವಂತೆ ಒರೆಸಿದರು, ಮೇಲೆ ಸೀಮೆಸುಣ್ಣದ ಪುಡಿ ಉಜ್ಜಿದರು. ಸ್ವಲ್ಪ ಹೊತ್ತಿಗೆ ಬಿಳಿ ಪುಡಿಯ ನಡುವೆ ಒದ್ದೆ ಗೆರೆಯೊಂದು ತಾನಾಗಿ ಎದ್ದು ಬಂತು. ಗೇಣುದ್ದ, ನಡುವೆ ಒಂದು ಕಡೆ ಕವಲೊಡೆದ ಗೆರೆ. ಬ್ಲಾಕಿನ ಹೊರಗೋಡೆ, ಒಳಗೆ ತಣ್ಣೀರು ಹರಿಯುವ ಜಾಗ, ಸೀಳಿತ್ತು.

ಮಿಷಿನಕ್ಕ ಗಾಬರಿಯಾಗಿ, ತೊಟ್ಟಿಯಲ್ಲಿ ಹಾಕಿದಾಗ ಒಡೆಯಿತೇ ಎಂದು ಕೇಳಿಬಿಟ್ಟಳು. ಮೇಷ್ಟ್ರಿಗೆ ಸಿಟ್ಟು ಬಂತು. ತೊಟ್ಟಿಯ ತಳದಿಂದ ಬಸಿದಿಟ್ಟಿದ್ದ ಕರಿ ಚೂರುಗಳನ್ನು ಅಂಗೈಯಲ್ಲಿ ಹಾಕಿಕೊಂಡು ತೋರಿಸಿದರು. ಕಬ್ಬಿಣದ ಅರದ ಪುಡಿಗೆ ನವಸಾಗರ ಎಂಬ ಉಪ್ಪು ಕಲಸಿ, ಬಿರುಕಿಗೆ ಮೆತ್ತಿ, ಬಡಿದು ಗಟ್ಟಿ ಮಾಡಿ ಮೇಲೆ ಬಣ್ಣ ಬಳಿದಿದ್ದಾರೆ, ಹಳಬರು ಮಾಡುತ್ತಿದ್ದ ಉಪಾಯ ಎಂದರು. ಒಂದು ಸಲ ಮೆತ್ತಿದ್ದಲ್ಲ, ಪದರದ ಮೇಲೆ ಪದರ ಇತ್ತಂತೆ.

"ಈ ಗಾಡಿ ಓಡಿಸಿದೋನು ಇದನ್ನ ಕಟ್ಕೊಂಡು ಬಹಳ ವರ್ಷ ಕಷ್ಟಪಟ್ಟಿದಾನಮ್ಮ. ಸಪಾಟು ರಸ್ತೆಯಾದ್ರೆ ಹೇಗೋ ತಡ್ಕೊಳ್ಳುತ್ತೆ. ಏರು ಹತ್ತಿಸಿದ್ರೆ ಇಂಜಿನ್ ಕಾದು ಮೆತ್ತಿದ್ದೆಲ್ಲ ಕಿತ್ಕೊಂಡು ಬರುತ್ತೆ" ಎಂದರು ಮೇಷ್ಟ್ರು.

ಸಪಾಟು ಎಂಬ ಮಾತು ಅವರು ಗೊತ್ತಿದ್ದು ಆಡಿದ್ದಲ್ಲ. ಅವರಿಗೆ ಅಪ್ಪನ ಪರಿಚಯವೇ ಇರಲಿಲ್ಲ. ಮಿಷಿನಕ್ಕ ಅಲ್ಲಿದ್ದ ಸ್ಟೂಲಿನ ಮೇಲೆ ಕುಳಿತಳು.

ಮನೆಗೆ ಬಂದು ಅಮ್ಮನನ್ನು ಕೇಳಿದಳು. ಅಮ್ಮ ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತು ಬಟಾಣಿ ಸುಲಿಯುತ್ತಿದ್ದಳು. ಅಂದು ಪುಟ್ಟಿಯೂ ಬಂದಿದ್ದಳು. ಕೋಣೆಯಲ್ಲಿ ಅಮ್ಮನ ಸೀರೆಗಳನ್ನು ಮಡಿಸುತ್ತಿದ್ದಳು. ಬ್ಲಾಕು ಒಡೆದದ್ದು ನಿನಗೆ ಗೊತ್ತಿತ್ತೇ ಎಂದರೆ ಅಮ್ಮ ತಲೆ ಎತ್ತದೆ, ಗೊತ್ತಿರದೆ ಏನು, ನಾನೂ ಅದರಲ್ಲೇ ಕೂತಿದ್ದೆ ಎಂದಳು.

ಪುಟ್ಟಿ ಚಿಕ್ಕವಳಿದ್ದಾಗ ಕಡಲೆಬೀಜ ಗಂಟಲಿಗೆ ಸಿಕ್ಕಿಸಿಕೊಂಡ ಕತೆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅದೊಂದು ತಮಾಷೆಯ ಕತೆ. ಅವಳು ಏನಾದರೂ ಆತುರಾತುರವಾಗಿ ತಿಂದರೆ ಬೀಜ ನೋಡ್ಕೊಂಡು ತಿನ್ನು ಎಂದು ಈಗಲೂ ಛೇಡಿಸುತ್ತಿದ್ದರು. ಆ ಕತೆಗೆ ಇನ್ನೊಂದು ತುಂಡಿತ್ತು ಎನ್ನುವುದು ಅಕ್ಕತಂಗಿಯರಿಗೆ ಗೊತ್ತಿರಲಿಲ್ಲ. ಅಮ್ಮ ಈಗ ಅದನ್ನು ಹೇಳಿದಳು. ಅವರು ಬೆಟ್ಟದ ಆಚೆ ಬದಿಯಲ್ಲಿದ್ದ ಸೋದರಮಾವನ ಮನೆಗೆ ಹೋಗಿದ್ದರು. ದೊಡ್ಡವಳಿಗೆ ಪರೀಕ್ಷೆ ಎಂದು ಅವಳನ್ನು ಪಕ್ಕದ ಮನೆಯಲ್ಲಿ ಬಿಟ್ಟಿದ್ದರು. ಮಧ್ಯಾಹ್ನ ಮಗು ಬೀಜ ಬಾಯಿಗೆ ಹಾಕಿಕೊಂಡು ಓಡುತ್ತ ಬಿತ್ತು. ಬೀಜ ಉಸಿರಿನ ಕೊಳವೆಗೆ ಹೋಯಿತು. ಬೆನ್ನಿಗೆ ಗುದ್ದಿದರೂ, ತಲೆಕೆಳಗೆ ಹಿಡಿದರೂ ಬರಲಿಲ್ಲ. ಮಗು ಸೀಟಿ ಊದಿದಂತೆ ಉಸಿರಾಡತೊಡಗಿತು. ಆಸ್ಪತ್ರೆ ಇದ್ದದ್ದು ಬೆಟ್ಟದ ಈಚೆ, ತಮ್ಮ ಊರಲ್ಲಿ. ಅಪ್ಪ ಏರಿನಲ್ಲಿ ಕಾರನ್ನು ಉಸಿರು ಬಿಗಿಹಿಡಿದು ಓಡಿಸಿದ. ಇನ್ನೇನು ತುದಿ ಬಂತು ಎನ್ನುವಷ್ಟರಲ್ಲಿ ರೇಡಿಯೇಟರಿನ ಮುಚ್ಚಳ ಹಾರಿ ನೀರೆಲ್ಲ ಹಬೆಯಾಗಿ ಹೋಯಿತು. ಇಂಜಿನ್ನು ತಣಿಯುವ ತನಕ ಕಾಯಬೇಕಿತ್ತು.

"ನಿಂಗೆ ಆಗ ತುಟಿ ನೀಲಿಯಾಗಿತ್ತು. ಕಾಯೋದು ಎಲ್ಲಿಂದ ಬಂತು? ಬಂಡೆ ಪಕ್ಕ ಹರೀತಿದ್ದ ನೀರನ್ನ ನಿಮ್ಮಪ್ಪ ಡಬ್ಬದಲ್ಲಿ ಹಿಡಿದು ಕಾದ ಇಂಜಿನ್ನಿಗೆ ಹಾಗೇ ಸುರಿದ. ಟಪ್ ಅಂತ ಒಂದು ಸದ್ದು ಬಂತು. ಅವನು ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಆಮೇಲೆ ಗಾಡಿ ಎತ್ತಿದ."

ಅಮ್ಮ ಇದನ್ನು ಕೋಣೆಯ ಬಾಗಿಲಿಗೆ ಬಂದು ನಿಂತಿದ್ದ ಪುಟ್ಟಿಗೆ ಹೇಳುತ್ತಿದ್ದಳು. ಡಾಕ್ಟರು ಬೀಜ ತೆಗೆದರು, ಮಗು ಸಂಜೆಗೆ ನಗುತ್ತಿತ್ತು. ಬೇರೆ ಬ್ಲಾಕು ಹಾಕಿಸುವ ಶಕ್ತಿ ಅಪ್ಪನಿಗೆ ಇರಲಿಲ್ಲ. ಒಡೆದ ಇಂಜಿನ್ನಿನ ಗಾಡಿ ಎಂದು ಗೊತ್ತಾದರೆ ಯಾರೂ ಹತ್ತುವುದಿಲ್ಲ ಎಂದು ಸ್ಟ್ಯಾಂಡಿನಲ್ಲಿ ಬಾಯಿ ಬಿಡಲಿಲ್ಲ. ಹೆದರುಪುಕ್ಕಲ ಎಂದರೆ ಎನ್ನಲಿ, ಬಾಡಿಗೆ ಸಿಕ್ಕರಾಯಿತು. ಮಗಳಿಗೂ ಹೇಳಬೇಡ, ತನ್ನಿಂದ ಆಯಿತು ಎಂದು ಮನಸ್ಸಿಗೆ ಹಚ್ಚಿಕೊಳ್ಳುತ್ತಾಳೆ ಎಂದಿದ್ದನಂತೆ.

ಮಿಷಿನಕ್ಕ ತಂಗಿ ಅಳುತ್ತಾಳೆ ಎಂದುಕೊಂಡಳು. ಪುಟ್ಟಿ ಅಳಲಿಲ್ಲ. ಕೈಯಲ್ಲಿದ್ದ ಸೀರೆಯನ್ನು ಅಚ್ಚುಕಟ್ಟಾಗಿ ಮಡಿಸಿ ಮಂಚದ ಮೇಲಿಟ್ಟು ಬಂದಳು.

"ನಾನು ಸಣ್ಣೋಳು, ಆಗ ಹೇಳಲಿಲ್ಲ, ಸರಿ. ದೊಡ್ಡೋಳಾದ ಮೇಲೆ? ಅವನು ಆಸ್ಪತ್ರೇಲಿ ಮಲಗಿದ್ದಾಗ? ನಾನು ದಿನಾ ಬಂದು ಊಟ ಆಯ್ತಾ ಅಂತ ಕೇಳಿ ವಾಪಸ್ ಹೋಗ್ತಿದ್ದೆ ಅಮ್ಮ. ನೀನು ಅಲ್ಲೇ ಕೂತು ನೋಡ್ತಿದ್ದೆ."

ಅಮ್ಮ, ಅವನು ಬೇಡ ಅಂದಿದ್ದ ಎಂದು ಎರಡು ಸಲ ಹೇಳಿದಳು. ಪುಟ್ಟಿ ಚೀಲ ಹೆಗಲಿಗೇರಿಸಿಕೊಂಡು ಹೊರಟುಹೋದಳು. ಆಮೇಲೆ ಬಹಳ ದಿನ ಆ ಕಡೆ ತಲೆ ಹಾಕಲಿಲ್ಲ. ಫೋನು ಮಾಡಿದರೆ ಕೌಂಟರಿನಲ್ಲಿ ಜನ ಇದ್ದಾರೆ ಎನ್ನುತ್ತಿದ್ದಳು, ರಜೆಯ ದಿನವೂ.

ಈ ನಡುವೆ ಮಿಷಿನಕ್ಕ ಒಂದು ತಪ್ಪು ಮಾಡಿದಳು. ಮೇಷ್ಟ್ರು ನಿಧಾನಿಸು ಎಂದಿದ್ದರು. ಬ್ಲಾಕು ಎರಕದ ಬೀಡು ಕಬ್ಬಿಣದ್ದು, ಮೊಂಡು ಜಾತಿ, ಬೆಂಕಿ ತೋರಿಸಿದರೆ ಸಿಡಿಯುತ್ತದೆ ಎಂದಿದ್ದರು. ಆದರೆ ಮನೆಯಲ್ಲಿ ಅಮ್ಮ ಮಾತು ಕಮ್ಮಿ ಮಾಡಿ ಗೋಡೆ ನೋಡುತ್ತ ಕೂರುತ್ತಿದ್ದಳು. ಬಿರುಕೊಂದು ಮುಚ್ಚಿಹೋದರೆ ಮನೆಯೂ ಸರಿಹೋಗುತ್ತದೆ ಎಂಬಂತೆ ಅವಳಿಗೆ ಆತುರ ಹತ್ತಿತು. ಬ್ಲಾಕನ್ನು ಗೇಟು, ಕಿಟಕಿ ಮಾಡುವ ವೆಲ್ಡಿಂಗಿನವನ ಹತ್ತಿರ ಒಯ್ದಳು. ಅವನು ಇದೇನು ಮಹಾ ಎಂದು ನೀಲಿ ಕಿಡಿ ಹಾರಿಸಿ ಕ್ಷಣದಲ್ಲಿ ದಪ್ಪ ಗೆರೆ ಎಳೆದುಕೊಟ್ಟ. ನೋಡಲು ಚೆನ್ನಾಗಿಯೇ ಇತ್ತು. ಆಟೋ ಬರಲೆಂದು ಅವಳು ಅಂಗಡಿಯ ಮುಂದೆ ಚಹಾ ಕುಡಿಯುತ್ತ ನಿಂತಿದ್ದಾಗ ಹಿಂದಿನಿಂದ ಟಿಂಗ್ ಎಂದು ಸದ್ದು ಬಂತು. ಲೋಟಕ್ಕೆ ಚಮಚ ತಗುಲಿದಂಥ ಸಣ್ಣ ಸದ್ದು. ಸ್ವಲ್ಪ ಹೊತ್ತಿಗೆ ಇನ್ನೊಂದು. ಬೆಸುಗೆ ತಣಿಯುತ್ತ ಪಕ್ಕದ ಬೀಡನ್ನು ಎಳೆದು ಸೀಳುತ್ತಿತ್ತು. ಗೇಣುದ್ದದ ಬಿರುಕು ಈಗ ಒಂದೂವರೆ ಗೇಣಾಯಿತು.

ಮೇಷ್ಟ್ರು ಅದನ್ನು ನೋಡಿ ಬೈಯಲಿಲ್ಲ. ಅವರು ಬೈಯದೆ ಇದ್ದದ್ದೇ ಅವಳಿಗೆ ಹೆಚ್ಚು ನೋವಾಯಿತು.

ಪುಟ್ಟಿ ಬಂದದ್ದು ಆಗ. ಕೌಂಟರಿನ ಸಹೋದ್ಯೋಗಿಯೊಬ್ಬನ ನೆಂಟರ ಮರದ ಮಿಲ್ಲಿನಲ್ಲಿ ಇಂಥದ್ದೇ ಕಾರಿನ ಇಂಜಿನ್ನು ಗರಗಸ ತಿರುಗಿಸುತ್ತಿದೆಯೆಂದು ಪತ್ತೆ ಹಚ್ಚಿಕೊಂಡು ಬಂದಿದ್ದಳು. ಅಮ್ಮನ ಕಡೆ ನೋಡದೆ, ಅಕ್ಕನಿಗೆ ಮಾತ್ರ ಹೇಳಿದಳು. ಅಪ್ಪನ ಕಾರು ಗುಜರಿಗೆ ಎನ್ನುತ್ತಿದ್ದವಳು ಅದಕ್ಕೊಂದು ಇಂಜಿನ್ನು ಹುಡುಕಿ ಬಂದದ್ದರ ಬಗ್ಗೆ ಅಕ್ಕ ಏನೂ ಹೇಳಲಿಲ್ಲ. ಹೇಳಿದ್ದರೆ ಅವಳು ಎದ್ದು ಹೋಗುತ್ತಿದ್ದಳು. ಮುಂದಿನ ರಜೆಗೆ ಇಬ್ಬರೂ ಮೇಷ್ಟ್ರನ್ನು ಕೂರಿಸಿಕೊಂಡು ಮಿಲ್ಲಿಗೆ ಹೋದರು.

ಇಂಜಿನ್ನು ಚಪ್ಪರದ ಕೆಳಗೆ, ಮೊಣಕಾಲುದ್ದ ಮರದ ಪುಡಿಯ ನಡುವೆ ಡಗಡಗ ಎನ್ನುತ್ತಿತ್ತು. ಹೊರಗೋಡೆ ಎಲ್ಲೂ ಸೀಳಿರಲಿಲ್ಲ. ಮಿಲ್ಲಿನವನಿಗೂ ಮಾರುವ ಮನಸ್ಸಿತ್ತು, ಕರೆಂಟಿನ ಮೋಟಾರು ಹಾಕಿಸುವವನಿದ್ದ. ಪುಟ್ಟಿಯ ಮುಖ ಅರಳಿತು. ಮೇಷ್ಟ್ರು ಇಂಜಿನ್ನು ನಿಲ್ಲಿಸಿ, ಮೇಲಿನ ಹೆಡ್ಡು ಬಿಚ್ಚಿಸಿ, ಸಿಲಿಂಡರಿನೊಳಗೆ ಬೆರಳಾಡಿಸಿದರು, ಅಳತೆ ಕೋಲು ಇಳಿಸಿದರು, ತೆಗೆದರು, ಮತ್ತೆ ಇಳಿಸಿದರು. ವರ್ಷಗಟ್ಟಲೆ ಮರದ ಪುಡಿ ಎಳೆದುಕೊಂಡು ಒಳಗೋಡೆ ಸವೆದು ಮಡಕೆಯ ಹಾಗೆ ಹೊಟ್ಟೆ ಬಿಟ್ಟಿತ್ತು. ಅದನ್ನು ಕೊರೆದು ಸರಿಮಾಡಲು ಗೋಡೆಯೇ ಉಳಿದಿರಲಿಲ್ಲ.

"ಇದಕ್ಕಿಂತ ನಿಮ್ಮ ಬಿರುಕೇ ವಾಸಿ" ಎಂದರು.

ಬರುವಾಗ ಆಟೋದಲ್ಲಿ ಪುಟ್ಟಿ ಹೊರಗೆ ನೋಡುತ್ತ ಕುಳಿತಿದ್ದಳು. ಮೇಷ್ಟ್ರ ಅಂಗಡಿ ತಲುಪಿದ ಮೇಲೆ ಆ ಬಿರುಕನ್ನು ತೋರಿಸು ಎಂದಳು. ಅಕ್ಕ ದೀಪ ಹಿಡಿದಳು. ಪುಟ್ಟಿ ಬಗ್ಗಿ, ಬೆರಳಿನ ಉಗುರನ್ನು ಬಿರುಕಿನ ಈ ತುದಿಯಿಂದ ಆ ತುದಿಯ ತನಕ ಎಳೆದಳು. ಬೆಸುಗೆಯಿಂದಾದ ಹೊಸ ಸೀಳಿಗೆ ಬಂದಾಗ ಇದೂ ಆಗಲೇ ಆದದ್ದೇ ಎಂದು ಕೇಳಿದಳು. ಅಲ್ಲ, ಇಷ್ಟು ನನ್ನ ಪ್ರತಾಪ ಎಂದು ಅಕ್ಕ ಒಪ್ಪಿಕೊಂಡಳು. ಪುಟ್ಟಿಗೆ ನಗು ಬಂತು. ಆ ನಗುವಿನ ಹಿಂದೆಯೇ ಅಳುವೂ ಬಂತು, ಬ್ಲಾಕಿನ ಮೇಲೆ ಕೈಯೂರಿಕೊಂಡು ಅತ್ತಳು. ಮೇಷ್ಟ್ರು ತಮಗೆ ಏನೋ ನೆನಪಾದವರಂತೆ ಹಿಂದಿನ ಕೋಣೆಗೆ ಹೋಗಿ ಬಹಳ ಹೊತ್ತು ಡಬ್ಬಗಳ ಸದ್ದು ಮಾಡಿದರು.

ಇನ್ನು ಉಳಿದದ್ದು ಹೊಲಿಗೆ. ಬೀಡನ್ನು ಬೆಂಕಿ ಇಲ್ಲದೆ ಸೇರಿಸುವ ಕೆಲಸಕ್ಕೆ ಮೇಷ್ಟ್ರು ಹಾಗೆಯೇ ಹೇಳುತ್ತಿದ್ದದ್ದು. ಬಿರುಕಿನ ಎರಡು ತುದಿಗೂ ಕವಲಿನ ತುದಿಗೂ ತೂತು ಕೊರೆದರೆ ಅದು ಮುಂದಕ್ಕೆ ಓಡುವುದಿಲ್ಲ. ಆಮೇಲೆ ಬಿರುಕಿನ ಮೇಲೆಯೇ ಒಂದು ತೂತು ಕೊರೆದು, ಅದರೊಳಗೆ ಮರೆ, ಅಂದರೆ ಸ್ಕ್ರೂವಿನ ಸುತ್ತುಗೆರೆ, ತೆಗೆದು, ಮರೆಯಿರುವ ಕಬ್ಬಿಣದ ಪಿನ್ನನ್ನು ಬಿಗಿಯಾಗಿ ತಿರುಗಿಸಿ ಇಳಿಸಿ, ತಲೆ ಕತ್ತರಿಸಬೇಕು. ಮುಂದಿನ ತೂತನ್ನು ಅರ್ಧ ಬಿರುಕಿಗೆ, ಅರ್ಧ ಹಿಂದಿನ ಪಿನ್ನಿಗೆ ತಾಗುವಂತೆ ಕೊರೆಯಬೇಕು. ಹೀಗೆ ಒಂದನ್ನೊಂದು ಕಚ್ಚಿಕೊಂಡು ಪಿನ್ನುಗಳ ಸಾಲೇ ಗೋಡೆಯಾಗುತ್ತದೆ. ನಡುನಡುವೆ ಬಿರುಕಿಗೆ ಅಡ್ಡಲಾಗಿ ಉಕ್ಕಿನ ಪಟ್ಟಿ ಕೂರಿಸಬೇಕು, ಅದು ಎರಡು ಬದಿಯನ್ನೂ ಹಿಡಿದುಕೊಳ್ಳಲಿಕ್ಕೆ. ಮೇಷ್ಟ್ರ ಕೈ ನಡುಗುತ್ತಿದ್ದರಿಂದ ಅವರು ಸ್ಟೂಲಿನ ಮೇಲೆ ಕುಳಿತು ಹೇಳುವುದು, ಮಿಷಿನಕ್ಕ ಮಾಡುವುದು ಎಂದಾಯಿತು. ಮೊದಲು ವೆಲ್ಡಿಂಗಿನವನ ದಪ್ಪ ಗೆರೆಯನ್ನು ಉಜ್ಜಿ ತೆಗೆಯುವುದರಲ್ಲೇ ಒಂದು ರಜೆ ಕಳೆಯಿತು.

ಹೊಲಿಗೆ ಯಂತ್ರಗಳ ಪುಟ್ಟ ಸ್ಕ್ರೂಗಳಿಗೆ ಪಳಗಿದ ಕೈ ಎಂದು ಅವಳಿಗೆ ಸ್ವಲ್ಪ ಹೆಮ್ಮೆಯಿತ್ತು. ಮರೆ ತೆಗೆಯುವ ಟ್ಯಾಪು ಮೊದಲನೆಯ ತೂತಿನಲ್ಲೇ ಮುರಿದು ಒಳಗೆ ಸಿಕ್ಕಿಕೊಂಡು ಆ ಹೆಮ್ಮೆಯ ನೀರಿಳಿಸಿತು. ಬೀಡು ಅವಸರವನ್ನು ಸಹಿಸುತ್ತಿರಲಿಲ್ಲ. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ, ಪುಡಿ ಊದಿ ಮತ್ತೆ ಅರ್ಧ ಸುತ್ತು. ಪುಟ್ಟಿ ತನ್ನ ರಜೆಯ ದಿನ ಬಂದು ದೀಪ ಹಿಡಿಯುತ್ತಿದ್ದಳು, ಬೇಸರವಾದರೆ ಮೇಷ್ಟ್ರ ಜತೆ ರೈಲುಗಳ ವಿಷಯಕ್ಕೆ ಜಗಳವಾಡುತ್ತಿದ್ದಳು. ಮಧ್ಯಾಹ್ನಕ್ಕೆ ಅಮ್ಮ ಊಟದ ಡಬ್ಬಿ ಕಳಿಸತೊಡಗಿದಳು. ಪುಟ್ಟಿ ಮೊದಲೆರಡು ಸಲ ಅದನ್ನು ಮುಟ್ಟಲಿಲ್ಲ. ಮೂರನೆಯ ಸಲ ಹಸಿವು ತಡೆಯದೆ ತಿಂದು, ಉಪ್ಪು ಕಮ್ಮಿ ಅಂತ ಅಮ್ಮನಿಗೆ ಹೇಳು ಎಂದಳು. ಅಮ್ಮ ಆ ಮಾತನ್ನು ಕೇಳಿ ತಾನೇ ಡಬ್ಬಿ ಹಿಡಿದು ಅಂಗಡಿಗೆ ಬಂದಳು. ಅವರಿಬ್ಬರೂ ಆ ದಿನ ಏನು ಮಾತಾಡಿಕೊಂಡರೋ ಮಿಷಿನಕ್ಕನಿಗೆ ತಿಳಿಯಲಿಲ್ಲ. ಡ್ರಿಲ್ಲಿನ ಗದ್ದಲದಲ್ಲಿ ಏನೂ ಕೇಳಿಸುತ್ತಿರಲಿಲ್ಲ. ತಲೆ ಎತ್ತಿ ನೋಡಿದಾಗ ಅಮ್ಮ ಪುಟ್ಟಿಯ ಕೂದಲಿಗೆ ಹತ್ತಿದ್ದ ಕಬ್ಬಿಣದ ಪುಡಿಯನ್ನು ಒಂದೊಂದಾಗಿ ಆರಿಸುತ್ತಿದ್ದಳು. ಪುಟ್ಟಿಯ ಮುಖವೇನೂ ಪ್ರಸನ್ನವಾಗಿರಲಿಲ್ಲ, ಆದರೆ ತಲೆ ಬಗ್ಗಿಸಿಕೊಂಡಿದ್ದಳು.

ಪಿನ್ನುಗಳ ತಲೆ ಬಡಿದು, ಅರ ಹಾಕಿ ಸಮ ಮಾಡಿ, ಬ್ಲಾಕಿನ ಬಾಯಿಗಳಿಗೆಲ್ಲ ರಬ್ಬರು, ತಗಡು ಬಿಗಿದು, ಕೈಪಂಪಿನಿಂದ ಒಳಗೆ ನೀರು ಒತ್ತಿ ನೋಡಿದರು. ಎಲ್ಲರೂ ಬಗ್ಗಿ ಕಣ್ಣು ನೆಟ್ಟರು. ಕವಲೊಡೆದ ಜಾಗದಲ್ಲಿ ಹಣೆಯ ಬೆವರಿನಂತೆ ಒಂದು ಹನಿ ಮೂಡಿತು, ಒರೆಸಿದರೆ ಮತ್ತೆ ಮೂಡಿತು. ಮಿಷಿನಕ್ಕ ಆ ಪಿನ್ನನ್ನು ಕೊರೆದು ತೆಗೆದು, ಒಂದು ನೂಲಿನಷ್ಟು ಹೆಚ್ಚು ದಪ್ಪದ್ದನ್ನು ಇಳಿಸಿದಳು. ಎರಡನೆಯ ಸಲ ಪಂಪು ಒತ್ತಿದಾಗ ಬ್ಲಾಕು ಒಣಗಿಯೇ ಇತ್ತು. ಊಟ ಮುಗಿಸಿ ಬಂದು ನೋಡಿದರೂ ಒಣಗಿತ್ತು. ಮೇಷ್ಟ್ರು ಒಣ ಕೈಯನ್ನು ಅದರ ಮೇಲೆ ಸವರಿ, ಏರು ಹತ್ತಿಸಬಹುದು, ಆದರೆ ಕುದಿಸಬೇಡ ಎಂದರು.

ಇಂಜಿನ್ನು ಜೋಡಿಸಿ, ಕೂರಿಸಿ, ಚಾಲೂ ಮಾಡುವ ಹೊತ್ತಿಗೆ ಮಳೆಗಾಲ ಕಳೆದಿತ್ತು. ಮೊದಲ ಸಲ ಅದು ಹೊಗೆ ಉಗುಳಿ ಬೆಕ್ಕನ್ನು ಓಡಿಸಿ ನಿಂತುಹೋಯಿತು. ಎರಡನೆಯ ಸಲ ಹಿಡಿದುಕೊಂಡಿತು. ಅಮ್ಮ ಮುಂದಿನ ಸೀಟಿನಲ್ಲಿ ಕೂರಲು ಒಪ್ಪಲಿಲ್ಲ. ತನಗೆ ಹಿಂದೆಯೇ ಕೂತು ಅಭ್ಯಾಸ ಎಂದಳು. ಹಿಂದೆ ಕುಳಿತು ಬೀದಿಯ ತುದಿಯ ತನಕ ಹೋಗಿ ಬಂದು, ಬೆಕ್ಕಿನ ವಾಸನೆ ಹೋಗಿಲ್ಲ ಎಂದು ದೂರಿದಳು. ಕೆಲವು ವಾರಗಳ ನಂತರ ಮಿಷಿನಕ್ಕನೇ ಓಡಿಸಿಕೊಂಡು ಮೂವರೂ ಬೆಟ್ಟದ ಮೇಲಿನ ಊರಿಗೆ ಹೋದರು. ನೀರಿನ ಬಿಸಿ ತೋರಿಸುವ ಮುಳ್ಳು ಕೊಂಚ ಮೇಲೇರಿತು, ಇಳಿಯಿತು. ಅಲ್ಲಿಂದ ತುದಿ ದಾಟಿ ಆಚೆ ಬದಿಗೆ ಸ್ವಲ್ಪ ಇಳಿದಾಗ, ಒಂದು ಬಂಡೆಯ ಹತ್ತಿರ ಅಮ್ಮ ಇಲ್ಲೇ ಎಂದಳು. ಪುಟ್ಟಿ ನಿಲ್ಲಿಸು ಎನ್ನಲಿಲ್ಲ, ಹಿಂದಕ್ಕೆ ತಿರುಗಿ ಕಣ್ಣಿಗೆ ಕಾಣುವ ತನಕ ನೋಡಿದಳು.

ಈಗ ಕಾರನ್ನು ಹೆಚ್ಚಾಗಿ ಓಡಿಸುವವಳು ಪುಟ್ಟಿಯೇ. ಅದರಲ್ಲೇ ಡ್ರೈವಿಂಗ್ ಕಲಿತಳು, ಕಲಿಯುವಾಗ ಬಲಗಡೆಯ ಮಡ್ಗಾರ್ಡನ್ನು ನಿಲ್ದಾಣದ ಗೇಟಿಗೆ ತಿಕ್ಕಿದಳು, ತಪ್ಪು ಗೇಟಿನದು ಎಂದು ಇವತ್ತಿಗೂ ವಾದಿಸುತ್ತಾಳೆ. ಮಿಷಿನಕ್ಕ ಕಾರ್ಖಾನೆಯಿಂದ ನಿವೃತ್ತಳಾಗಿ ಮೇಷ್ಟ್ರ ಅಂಗಡಿಗೆ ಹೋಗುತ್ತಾಳೆ. ಬೀಡು ಒಡೆದರೆ ಅವಳಲ್ಲಿಗೆ ಒಯ್ಯಿ ಎಂಬ ಮಾತು ಹೇಗೋ ಹಬ್ಬಿದೆ. ನೀರಿನ ಪಂಪು, ಮುದ್ರಣದ ಯಂತ್ರದ ಚೌಕಟ್ಟು, ಟ್ರ್ಯಾಕ್ಟರಿನ ಹೆಡ್ಡು, ಏನೇನೋ ಬರುತ್ತವೆ. ಮೇಷ್ಟ್ರು ಸ್ಟೂಲಿನ ಮೇಲೆ ಕುಳಿತು ಬೈಯುತ್ತಾರೆ. ಅವಳು ಕೇಳಿಸಿಕೊಳ್ಳುತ್ತ ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ ತಿರುಗಿಸುತ್ತಾಳೆ. ಹೋದ ವಾರ ಗೇಟು ಮಾಡುವ ವೆಲ್ಡಿಂಗಿನವನೂ ತನ್ನ ಒಡೆದ ಬೆಂಚ್ ವೈಸನ್ನು, ಕಬ್ಬಿಣ ಕಚ್ಚಿ ಹಿಡಿಯುವ ಬೀಡಿನ ಇಕ್ಕಳವನ್ನು, ಹೊತ್ತು ತಂದಿದ್ದ. ಬಾಗಿಲಲ್ಲಿ ನಿಂತು ತಲೆ ಕೆರೆದುಕೊಂಡ. ಅವಳು ಅದನ್ನು ತೆಗೆದುಕೊಂಡು ಬೆಂಚಿನ ಮೇಲಿಟ್ಟಳು, ಸೀಮೆಎಣ್ಣೆಯ ಡಬ್ಬಕ್ಕೆ ಕೈ ಚಾಚಿದಳು.